ಎರಡು ಬಾಗಿಲಿನ ಆಸ್ಪತ್ರೆ

ನಮ್ಮ ಸೀಮೆಯ ತಾಲ್ಲೂಕು ಆಸ್ಪತ್ರೆಗಳನ್ನು ಬಲ್ಲವರಿಗೆ ಅವುಗಳ ತುರ್ತು ಚಿಕಿತ್ಸೆಯ ಕೊಠಡಿಯನ್ನು ವರ್ಣಿಸಿ ಹೇಳಬೇಕಾಗಿಲ್ಲ. ಎರಡೋ ಮೂರೋ ಮಂಚ, ಗೋಡೆಗೆ ಒರಗಿಸಿದ ಒಂದು ಆಮ್ಲಜನಕದ ಸಿಲಿಂಡರು, ಸ್ಪಿರಿಟ್ಟಿನ ವಾಸನೆ, ಬಾಗಿಲ ಬಳಿ ಒಬ್ಬ ರೋಗಿಗೆ ಆರು ಮಂದಿ ಬಂಧುಗಳು. ಚಿಕ್ಕನಾಯಕನಹಳ್ಳಿ, ತಿಪಟೂರು, ತುರುವೇಕೆರೆಗಳ ಕಡೆ ಆ ಬಾಗಿಲಿಗೆ ಬರುತ್ತಿದ್ದವರ ಕಷ್ಟಗಳಲ್ಲಿಯೂ ಒಂದು ಪರಿಚಿತ ಕ್ರಮವಿತ್ತು. ತೆಂಗಿನ ಮರದಿಂದ ಬಿದ್ದವನು, ತೋಟದಲ್ಲಿ ಹಾವು ಕಡಿಸಿಕೊಂಡವನು, ಕೆ.ಬಿ. ಕ್ರಾಸಿನ ರಸ್ತೆಯಲ್ಲಿ ಮೋಟಾರು ಸೈಕಲ್ಲಿನಿಂದ ಉರುಳಿದವನು, ಸಾಲಕ್ಕೋ ಜಗಳಕ್ಕೋ ಮನನೊಂದು ಬೆಳೆಗೆ ಹೊಡೆಯುವ ಔಷಧ ಕುಡಿದವನು, ಬೆಳಗಿನ ಜಾವದಲ್ಲಿ ಎದೆ ಹಿಡಿದುಕೊಂಡು ಬಂದವನು — ಎಲ್ಲರೂ ಒಂದೇ ಬಾಗಿಲಿನಿಂದ ಒಳಗೆ ಹೋಗುತ್ತಿದ್ದರು. ಯಾರ ಕಡೆಯವರ ಕೂಗು ಜೋರಾಗಿತ್ತೋ ಅವರನ್ನು ಮೊದಲು ನೋಡುವುದು ಬರೆಯದ ನಿಯಮವೇನೋ ಎಂಬಂತೆ ಕಾಣುತ್ತಿತ್ತು.

2020ನೆಯ ಇಸವಿಯಲ್ಲಿ ಆ ಬಾಗಿಲು ಎರಡಾಯಿತು.

ಆ ವರ್ಷ ಮಾರ್ಚಿ 10ರಂದು ಕಲಬುರಗಿಯಲ್ಲಿ ತೀರಿಕೊಂಡ ವೃದ್ಧರೊಬ್ಬರ ಸಾವು ಕೋವಿಡ್ಡಿನಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಸಾವೆಂದು ದಾಖಲಾಯಿತು. ಕಲಬುರಗಿ ದೂರ ಎಂದುಕೊಂಡು ನಾವು ಸುಮ್ಮನಿದ್ದೆವು. 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. 27ರಂದು ನಮ್ಮ ನೆರೆಯ ತಾಲ್ಲೂಕಾದ ಶಿರಾದ ಹಿರಿಯರೊಬ್ಬರು ತುಮಕೂರಿನಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ ನಮ್ಮ ಬೀದಿಯ ಜನ ಜಗಲಿಯಿಂದಲೂ ಎದ್ದು ಒಳಗೆ ಹೋದರು. ಅನಂತರದ ವಾರಗಳಲ್ಲಿ ಆಸ್ಪತ್ರೆಯ ಮುಂದೆ ಶಾಮಿಯಾನ ಎದ್ದಿತು. ಅದು ಮದುವೆಯ ಶಾಮಿಯಾನವೇ; ಕೆಂಪು ಹಳದಿ ಪಟ್ಟೆ, ಅಂಚಿನಲ್ಲಿ ಜಾಲರಿ. ಮದುವೆಗಳು ನಿಂತುಹೋಗಿ ಗೋದಾಮಿನಲ್ಲಿ ಬಿದ್ದಿದ್ದುದು ಅಲ್ಲಿಗೆ ಬಂದಿತ್ತು. ಅದರ ಕೆಳಗೆ ಒಂದು ಮೇಜು, ಅದರ ಹಿಂದೆ ಬಿಳಿಯ ನಿಲುವಂಗಿಯಲ್ಲಿ ಅಡಿಯಿಂದ ಮುಡಿಯವರೆಗೆ ಮುಚ್ಚಿಕೊಂಡ ಒಂದು ಆಕೃತಿ. ಜ್ವರ, ಕೆಮ್ಮು, ಉಸಿರಿನ ತೊಂದರೆ ಇದ್ದವರು ಎಡಗಡೆಯ ಬಾಗಿಲಿಗೆ, ಉಳಿದವರು ಬಲಗಡೆಗೆ. ವುಹಾನ್ ನಗರದಲ್ಲಿ ಹತ್ತೇ ದಿನಗಳಲ್ಲಿ ಹೊಸ ಆಸ್ಪತ್ರೆ ಕಟ್ಟಿದರು, ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಗುಡಾರಗಳನ್ನು ಹೂಡಿದರು ಎಂದು ನಾವು ಪತ್ರಿಕೆಗಳಲ್ಲಿ ಓದಿದೆವು. ತತ್ತ್ವದಲ್ಲಿ ನಮ್ಮ ಶಾಮಿಯಾನವೂ ಅದೇ. ರೋಗ ಆಸ್ಪತ್ರೆಯ ಒಳಕ್ಕೆ ಹೋಗಿ ಹಬ್ಬುವುದಕ್ಕೆ ಮೊದಲೇ ಅದನ್ನು ಹೊಸ್ತಿಲಿನಲ್ಲಿ ತಡೆದು, ಯಾವುದು ಎತ್ತ ಎಂದು ತಿಳಿಯಬೇಕು.

ಈ ಉಪಾಯ ನಮ್ಮ ಹಿರಿಯರಿಗೆ ಹೊಸದಾಗಿರಲಿಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಬಂದಿತು. ಅಲ್ಲಿಂದ ಸಂಸ್ಥಾನದ ಊರೂರಿಗೂ ಹರಡಿ ಹಲವು ದಶಕಗಳ ಕಾಲ ಬಂದುಹೋಗುತ್ತಿತ್ತು. ಮನೆಯಲ್ಲಿ ಇಲಿ ಬಿದ್ದಿತೆಂದರೆ ಊರು ಬಿಡಬೇಕು. ಪಾತ್ರೆ ಪರಡಿಯೊಂದಿಗೆ ತೋಟಗಳಿಗೆ ಹೋಗಿ, ತೆಂಗಿನ ಗರಿಯ ಗುಡಿಸಲು ಹಾಕಿಕೊಂಡು, ಊರೊಳಗೆ ಇಲಿ ಬೀಳುವುದು ನಿಲ್ಲುವವರೆಗೆ ಅಲ್ಲಿಯೇ ಸಂಸಾರ. ಅಂಥದೊಂದು ಗುಡಿಸಲಿನಲ್ಲಿಯೇ ತಾನು ಹುಟ್ಟಿದ್ದೆಂದು ನನ್ನ ಅಜ್ಜಿ ಹೇಳುತ್ತಿದ್ದರು. ಬೆಂಗಳೂರಿನ ಬಸವನಗುಡಿ ಮಲ್ಲೇಶ್ವರಗಳು ಬೆಳೆದುದು ಆ ಪ್ಲೇಗಿನ ಭಯದಿಂದ. ವಿಕ್ಟೋರಿಯಾ ಆಸ್ಪತ್ರೆಗೆ ಅಸ್ತಿಭಾರ ಹಾಕಿದುದು ಪ್ಲೇಗು ಬರುವುದಕ್ಕೆ ಒಂದು ವರ್ಷ ಮುಂಚೆ, 1897ರಲ್ಲಿ. ಅದು ತೆರೆದುದು 1900ರ ಡಿಸೆಂಬರಿನಲ್ಲಿ, ಪ್ಲೇಗಿನ ನಡುವೆ. ನೂರಿಪ್ಪತ್ತು ವರ್ಷಗಳ ಮೇಲೆ ಅದೇ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗಾಗಿ ಮೀಸಲಿಟ್ಟರು. ಪ್ಲೇಗಿನ ಕಾಲದಲ್ಲಿ ಜನ ರೋಗದಿಂದ ದೂರ ಓಡಿದರು, ಸರಿ. ಆದರೆ ಓಡಲಾರದವರು ಇರುತ್ತಾರೆ. ಅವರು ಬಂದು ನಿಲ್ಲುವುದು ಆಸ್ಪತ್ರೆಯ ಬಾಗಿಲಿನಲ್ಲಿ. ಆ ಬಾಗಿಲಿನವರಿಗೆ ಓಡುವ ಹಕ್ಕಿಲ್ಲ.

ರೋಗಿಗಳನ್ನು ಹೀಗೆ ಬಾಗಿಲಿನಲ್ಲಿಯೇ ವಿಂಗಡಿಸುವುದಕ್ಕೆ ವೈದ್ಯರು ಟ್ರಯಾಜ್ ಎನ್ನುತ್ತಾರೆ. ಫ್ರೆಂಚರ ಮಾತು, ಆರಿಸುವುದು, ಬೇರ್ಪಡಿಸುವುದು ಎಂದು ಅರ್ಥ. ನೆಪೋಲಿಯನ್ನನ ಸೈನ್ಯದಲ್ಲಿ ಲಾರೇ ಎಂಬ ಶಸ್ತ್ರವೈದ್ಯನಿದ್ದ. ಗಾಯಾಳುಗಳಲ್ಲಿ ಸೇನಾಪತಿ ಯಾರು, ಸಾಮಾನ್ಯ ಸಿಪಾಯಿ ಯಾರು ಎಂಬುದನ್ನು ಎಣಿಸದೆ, ಯಾರ ಗಾಯ ಹೆಚ್ಚು ಅಪಾಯದ್ದೋ ಅವರನ್ನು ಮೊದಲು ನೋಡತಕ್ಕದ್ದು ಎಂಬ ಪದ್ಧತಿಯನ್ನು ಆತ ಯುದ್ಧಭೂಮಿಯಲ್ಲಿ ನಡೆಸಿದ. ಕಾಗದದ ಮೇಲೆ ಓದುವಾಗ ಇದಕ್ಕಿಂತ ನ್ಯಾಯವಾದ ಮಾತು ಬೇರೊಂದಿಲ್ಲ. ಮೂವತ್ತು ವರ್ಷ ಪಾಠ ಹೇಳಿದ ನಾನು, ಯಾರಾದರೂ ಕೇಳಿದ್ದರೆ, ಹೌದೆಂದು ತಲೆದೂಗುತ್ತಿದ್ದೆ.

ಎರಡನೆಯ ಅಲೆ ಬಂದುದು 2021ರ ಏಪ್ರಿಲಿನಲ್ಲಿ. ಅದರ ಕಥೆಯೇ ಬೇರೆ. ಮೊದಲ ವರ್ಷ ಆಸ್ಪತ್ರೆಗಳಿಗೆ ಭಯವಿತ್ತು, ಸಿದ್ಧತೆಗೆ ಸ್ವಲ್ಪ ಸಮಯವೂ ಇತ್ತು. ಈ ಸಲ ಸಮಯವೇ ಇರಲಿಲ್ಲ. ಮೇ 5ರಂದು ಒಂದೇ ದಿನ ಕರ್ನಾಟಕದಲ್ಲಿ ಐವತ್ತು ಸಾವಿರಕ್ಕೂ ಮಿಕ್ಕಿ ಹೊಸ ರೋಗಿಗಳು ದಾಖಲಾದರು. ಅದಕ್ಕೆ ಹಿಂದಿನ ದಿನ ನಾನು ನನ್ನ ಭಾವನನ್ನು ಕಾರಿನಲ್ಲಿ ಕೂರಿಸಿಕೊಂಡು ನಮ್ಮ ಸೀಮೆಯ ಒಂದು ಆಸ್ಪತ್ರೆಗೆ ಹೋದೆ. ಅದು ಯಾವ ಊರಿನದು ಎಂಬುದು ಓದುಗರಿಗೆ ಬೇಡ.

ಭಾವ ತೆಂಗಿನ ತೋಟದ ಮನುಷ್ಯರು, ಅರವತ್ತಾರು ವರ್ಷ. ಒಂದು ವಾರದಿಂದ ಕೆಮ್ಮು. ಮನೆಗೆ ಬಂದ ಆಶಾ ಕಾರ್ಯಕರ್ತೆ ಬೆರಳಿಗೆ ಆಕ್ಸಿಮೀಟರು ಸಿಕ್ಕಿಸಿ, ಅಂಕಿ ನೋಡಿ, ಇನ್ನೊಂದು ಬೆರಳಿಗೆ ಸಿಕ್ಕಿಸಿ, ಅಕ್ಕನ ಕಡೆ ತಿರುಗಿ, "ಈಗಲೇ ಕರಕೊಂಡು ಹೋಗಿ ಅಮ್ಮಾ" ಎಂದಳಂತೆ. ಅಂಕಿ 84. ಆರೋಗ್ಯವಂತರಿಗೆ 95ರ ಮೇಲಿರಬೇಕು. ದಾರಿಯುದ್ದಕ್ಕೂ ಭಾವ ತಿಪಟೂರಿನ ಮಾರುಕಟ್ಟೆ ಮುಚ್ಚಿದ್ದು, ಅಟ್ಟದ ಮೇಲಿನ ಕೊಬ್ಬರಿ ಹಾಗೆಯೇ ಉಳಿದದ್ದು, ಇವನ್ನೇ ಮಾತನಾಡುತ್ತಿದ್ದರು. "ನಂಗೇನೂ ಆಗಿಲ್ಲ ಕಣಯ್ಯ, ನಿಮ್ಮಕ್ಕ ಸುಮ್ನೆ ಹೆದರ್ತಾಳೆ" ಎಂದು ನಗುತ್ತಿದ್ದರು. ಈ ರೋಗದ ಮೋಸವೇ ಅದು. ರಕ್ತದಲ್ಲಿ ಪ್ರಾಣವಾಯು ಇಳಿದುಹೋಗಿದ್ದರೂ ಕೆಲವರಿಗೆ ಏದುಸಿರು ಕಾಣುವುದಿಲ್ಲ; ಮಾತನಾಡುತ್ತ ಮಾತನಾಡುತ್ತಲೇ ಕುಸಿಯುತ್ತಾರೆ. ಕೂಗಿದವರನ್ನು ಮೊದಲು ನೋಡುವ ಹಳೆಯ ರೂಢಿ ಇಲ್ಲಿ ನಡೆಯದು. ಕೂಗದೆ ನಗುತ್ತ ಕುಳಿತವನೇ ಎಲ್ಲರಿಗಿಂತ ಅಪಾಯದಲ್ಲಿರಬಹುದು. ಹಾಗಾಗಿ ಬಾಗಿಲಿನಲ್ಲಿ ಮೊದಲು ನೋಡಬೇಕಾದುದು ಮುಖವನ್ನಲ್ಲ, ಬೆರಳನ್ನು.

ಆ ಪುಟ್ಟ ಯಂತ್ರದ ಮೂಲತತ್ತ್ವವನ್ನು ಕಂಡುಕೊಂಡವನು ಜಪಾನಿನ ಇಂಜಿನಿಯರು ತಕುವೊ ಅವೊಯಾಗಿ, 1974ರಲ್ಲಿ. ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ನಾಡಿಯ ಮಿಡಿತದೊಂದಿಗೆ ಏರಿಳಿಯುವ ಭಾಗವನ್ನು ಮಾತ್ರ ಹಿಡಿದು, ರಕ್ತದಲ್ಲಿ ಆಮ್ಲಜನಕ ಎಷ್ಟು ತುಂಬಿದೆಯೆಂದು ಹೇಳಬಹುದೆಂದು ಆತ ತೋರಿಸಿದ. ಜಗತ್ತಿನ ಮನೆಮನೆಯಲ್ಲಿಯೂ ಅದರ ಹೆಸರು ಕೇಳಿಬರತೊಡಗಿದ 2020ರ ಏಪ್ರಿಲಿನಲ್ಲಿಯೇ ಆತ ತೀರಿಕೊಂಡ.

ಇಲ್ಲಿ ಒಂದು ಮಾತನ್ನು ಸೇರಿಸಬೇಕೆನ್ನಿಸುತ್ತದೆ. ವೈದ್ಯರು ಎದೆಯ ಮೇಲೆ ಬೆರಳಿಟ್ಟು ತಟ್ಟಿ ಒಳಗಿನ ಸ್ಥಿತಿಯನ್ನು ತಿಳಿಯುವ ವಿದ್ಯೆಯನ್ನು 1761ರಲ್ಲಿ ಪುಸ್ತಕ ಬರೆದು ಲೋಕಕ್ಕೆ ತಿಳಿಸಿದವನು ಆವುಎನ್‌ಬ್ರುಗ್ಗರ್ ಎಂಬ ಆಸ್ಟ್ರಿಯದ ವೈದ್ಯ. ಅವನ ತಂದೆ ಛತ್ರ ನಡೆಸುತ್ತಿದ್ದವನು. ಪೀಪಾಯಿಯನ್ನು ತಟ್ಟಿ ಅದರಲ್ಲಿ ದ್ರಾಕ್ಷಾರಸ ಎಷ್ಟಿದೆಯೆಂದು ಹೇಳುವುದನ್ನು ಮಗ ನೋಡಿ ಬೆಳೆದಿದ್ದನೆಂದು ಹೇಳುತ್ತಾರೆ. ನನ್ನ ಭಾವ ಇದನ್ನು ಕೇಳಿದ್ದರೆ ಆಶ್ಚರ್ಯಪಡುತ್ತಿರಲಿಲ್ಲ. ಅಟ್ಟದ ಮೇಲೆ ಹತ್ತು ಹನ್ನೆರಡು ತಿಂಗಳು ಒಣಗಿದ ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ, ಗಿಟುಕು ಚಿಪ್ಪು ಬಿಟ್ಟಿದೆಯೇ, ಒಳಗೆ ಇನ್ನೂ ನೀರಿದೆಯೇ ಎಂಬುದು ಅವರಿಗೆ ಒಡೆಯದೆಯೇ ತಿಳಿಯುತ್ತದೆ. ಆದರೆ ಆ ಎರಡು ವರ್ಷಗಳಲ್ಲಿ ವೈದ್ಯರಿಗೆ ಈ ಕಿವಿಯ ವಿದ್ಯೆಯೇ ಕೈಬಿಟ್ಟುಹೋಯಿತು. ಟೊಪ್ಪಿಗೆಯಿಂದ ಕಿವಿ ಮುಚ್ಚಿದೆ, ಸ್ಟೆತಾಸ್ಕೋಪು ಹಾಕುವಂತಿಲ್ಲ. ಕನ್ನಡಕ ಬೆವರಿನಿಂದ ಮಂಜಾಗಿದೆ. ಎರಡು ಪದರ ಕೈಗವಸಿನಲ್ಲಿ ನಾಡಿ ಸಿಕ್ಕುವುದು ಕಷ್ಟ. ಆರಾರು ಗಂಟೆ ನೀರು ಕುಡಿಯುವಂತಿಲ್ಲ, ಬಹಿರ್ದೆಸೆಗೆ ಹೋಗುವಂತಿಲ್ಲ. ಒಬ್ಬರನ್ನೊಬ್ಬರು ಗುರುತಿಸಲಾರದೆ, ನಿಲುವಂಗಿಯ ಬೆನ್ನ ಮೇಲೆ ಶಾಯಿಯಲ್ಲಿ ಹೆಸರು ಬರೆದುಕೊಳ್ಳುತ್ತಿದ್ದರು. ಹಾಕಿಕೊಳ್ಳುವುದಕ್ಕಿಂತ ಕಳಚುವುದೇ ಅಪಾಯವಂತೆ. ಯಾವುದನ್ನು ಮೊದಲು ತೆಗೆಯಬೇಕು, ನಡುನಡುವೆ ಎಲ್ಲೆಲ್ಲಿ ಕೈ ತೊಳೆಯಬೇಕು ಎಂಬುದನ್ನು ಗೋಡೆಯ ಮೇಲೆ ಚಿತ್ರ ಬರೆದು ಅಂಟಿಸಿದ್ದರು. ದಣಿದವರು ತಪ್ಪುವುದು ಅಲ್ಲಿಯೇ.

ಭಾವನನ್ನು ಎಡಗಡೆಯ ಬಾಗಿಲಿನಿಂದ ಕರೆದುಕೊಂಡು ಹೋದರು. ನನ್ನನ್ನು ಬಿಡಲಿಲ್ಲ. ಆಸ್ಪತ್ರೆಯ ಹಿತ್ತಲಿನಲ್ಲಿ ಹೊಂಗೆಯ ಮರದ ಕೆಳಗೆ ಒಂದು ಕಲ್ಲಿನ ಮೇಲೆ ಕುಳಿತೆ. ಅಲ್ಲಿಂದ ಒಂದು ಕಿಟಕಿ ಕಾಣುತ್ತಿತ್ತು. ಮುಂದಿನ ಹನ್ನೊಂದು ದಿನ ಆ ಕಲ್ಲೇ ನನ್ನ ಮನೆ.

ಹಿಂದಿನ ದಿನವಷ್ಟೆ ಚಾಮರಾಜನಗರದ ಸುದ್ದಿ ಬಂದಿತ್ತು. ಮೇ 2ರ ರಾತ್ರಿಗೂ 3ರ ಬೆಳಗಿಗೂ ನಡುವೆ ಅಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿದು, 24 ಮಂದಿ ಸತ್ತರೆಂದು. ಎಷ್ಟು ಸಾವುಗಳಿಗೆ ಆ ಕೊರತೆಯೇ ಕಾರಣವೆಂಬ ಬಗ್ಗೆ ಅನಂತರ ಬಹಳ ವಾದಗಳಾದುವು. ಹೈಕೋರ್ಟು ಸಮಿತಿಯನ್ನು ನೇಮಿಸಿತು. ಚಿಕ್ಕನಾಯಕನಹಳ್ಳಿಯ ಮೇಲೆ ಹಾದುಹೋಗುವ 150ಎ ಹೆದ್ದಾರಿ ತುರುವೇಕೆರೆ, ನಾಗಮಂಗಲ, ಮೈಸೂರುಗಳನ್ನು ದಾಟಿ ಕೊನೆಗೆ ಮುಟ್ಟುವುದು ಆ ಚಾಮರಾಜನಗರವನ್ನೇ. ಕಲ್ಲಿನ ಮೇಲೆ ಕುಳಿತವನಿಗೆ ಇಂಥ ಸಂಬಂಧಗಳು ಬೇಡವೆಂದರೂ ಹೊಳೆಯುತ್ತವೆ.

ಪ್ರಾಣವಾಯುವಿನ ಲೆಕ್ಕವನ್ನು ನಾನು ಕಲಿತುದು ಆ ದಿನಗಳಲ್ಲಿ, ಅಲ್ಲಿನ ವೈದ್ಯರಿಂದ. ಅವರು ಹರೆಯದವರು, ನನ್ನ ಕಡೆಯ ಬ್ಯಾಚಿನ ಹುಡುಗರ ವಯಸ್ಸು. ದೊಡ್ಡ ಸಿಲಿಂಡರೊಂದರಲ್ಲಿ ಸುಮಾರು ಏಳು ಸಾವಿರ ಲೀಟರು ಅನಿಲವಿರುತ್ತದೆ. ಮುಖಕ್ಕೆ ಮುಖವಾಡ ಹಾಕಿ ನಿಮಿಷಕ್ಕೆ 10 ಲೀಟರಿನಂತೆ ಕೊಟ್ಟರೆ ಅದು ಒಬ್ಬ ರೋಗಿಗೆ ಹನ್ನೊಂದೂವರೆ ಗಂಟೆ ಬರುತ್ತದೆ. ಅಂದರೆ ದಿನಕ್ಕೆ ಎರಡು. ಹೈ ಫ್ಲೋ ಎಂಬ ಯಂತ್ರವೊಂದಿದೆ. ಅದು ಮೂಗಿನ ಮೂಲಕ ಬಿಸಿಯಾದ, ತೇವವಾದ ಆಮ್ಲಜನಕವನ್ನು ನಿಮಿಷಕ್ಕೆ 60 ಲೀಟರಿನವರೆಗೂ ನೂಕಬಲ್ಲುದು. ಗಂಟಲಿಗೆ ಕೊಳವೆ ಇಳಿಸುವ ಪ್ರಸಂಗವನ್ನು ಅನೇಕರಲ್ಲಿ ತಪ್ಪಿಸಿದುದು ಅದು. ಆದರೆ ಪೂರ್ತಿ ಓಡಿಸಿದರೆ ಅದೇ ಸಿಲಿಂಡರು ಎರಡು ಗಂಟೆಯೂ ಬಾರದು. ಒಬ್ಬ ರೋಗಿಗೆ ದಿನಕ್ಕೆ ಹನ್ನೆರಡು. ದೊಡ್ಡ ನಗರಗಳ ಆಸ್ಪತ್ರೆಗಳಲ್ಲಿ ದ್ರವರೂಪದ ಆಮ್ಲಜನಕದ ತೊಟ್ಟಿಗಳಿದ್ದುವು. ಸೊನ್ನೆಗಿಂತ 183 ಡಿಗ್ರಿ ಕೆಳಗೆ ಕುದಿಯುವ ಆ ದ್ರವದ ಒಂದು ಲೀಟರು, ಅನಿಲವಾದರೆ ಎಂಟುನೂರಕ್ಕೂ ಹೆಚ್ಚು ಲೀಟರು. ಉಕ್ಕು ಕಾಯಿಸುವುದಕ್ಕಾಗಿ ಬಳ್ಳಾರಿಯ ತೋರಣಗಲ್ಲಿನಂಥ ಕಡೆ ತಯಾರಾಗುತ್ತಿದ್ದ ಆಮ್ಲಜನಕ ಆಸ್ಪತ್ರೆಗಳಿಗೆ ಹರಿಯಿತು. ರಾಜ್ಯದ ಪಾಲನ್ನು ದಿನಕ್ಕೆ 965 ಟನ್ನಿನಿಂದ 1,200 ಟನ್ನಿಗೆ ಏರಿಸಬೇಕೆಂದು ಹೈಕೋರ್ಟು ಮೇ 5ರಂದು ಆಜ್ಞೆ ಮಾಡಿತು; ಸುಪ್ರೀಂ ಕೋರ್ಟು 7ರಂದು ಅದನ್ನು ಎತ್ತಿಹಿಡಿಯಿತು; 11ರಂದು ಜಮ್‌ಷೆಡ್‌ಪುರದಿಂದ ಮೊದಲನೆಯ ಆಕ್ಸಿಜನ್ ರೈಲು ಬೆಂಗಳೂರಿಗೆ ಬಂದಿತು. ರೈಲಿಲ್ಲದ, ತೊಟ್ಟಿಯಿಲ್ಲದ ಊರುಗಳಿಗೆ ಬರುತ್ತಿದ್ದುದು ಲಾರಿಯಲ್ಲಿ ಸಿಲಿಂಡರು. ಅದು ಬಂದರೆ ಬಂದಿತು.

ಹೀಗಾಗಿ ಆಸ್ಪತ್ರೆಯಲ್ಲಿ ಹೊಸದೊಂದು ಕಸುಬೇ ಹುಟ್ಟಿತು. ಒಬ್ಬ ದಾದಿಗೆ ಅದೇ ಕೆಲಸ: ಮಂಚದಿಂದ ಮಂಚಕ್ಕೆ ಹೋಗಿ ಗುಂಡಿ ತಿರುಗಿಸುವುದು. ಅಂಕಿ 98 ತೋರಿಸಿದರೆ ಬಂಧುಗಳಿಗೆ ಸಂತೋಷ. ಆಕೆಗೆ ಅದು ಪೋಲು. 92ಕ್ಕೂ 96ಕ್ಕೂ ನಡುವೆ ನಿಂತರೆ ಸಾಕು, ಉಳಿದುದು ಇನ್ನೊಬ್ಬನ ಉಸಿರು. ಊಟಕ್ಕೆ ಮುಖವಾಡ ತೆಗೆದವರು ಗುಂಡಿಯನ್ನು ಹಾಗೆಯೇ ಬಿಟ್ಟಿದ್ದರೆ ಓಡಿಹೋಗಿ ಮುಚ್ಚುವಳು. ಬೋರಲು ಮಲಗಿಸುವುದೂ ಆಗಲೇ ಎಲ್ಲೆಡೆ ಬಂದಿತು. ಶ್ವಾಸಕೋಶದ ಹೆಚ್ಚು ಭಾಗ ಬೆನ್ನಿನ ಕಡೆ ಇರುವುದರಿಂದ, ಅಂಗಾತ ಮಲಗಿದರೆ ಆ ಭಾಗ ಅದುಮಿಕೊಂಡಿರುತ್ತದೆ, ಬೋರಲಾದರೆ ಬಿಚ್ಚಿಕೊಳ್ಳುತ್ತದೆ. ಕೊಳವೆ ಹಾಕಿದ ರೋಗಿಗಳಲ್ಲಿ ಇದರ ಗುಣ ಮೊದಲೇ ತಿಳಿದಿತ್ತು. ಎಚ್ಚರವಿರುವವರನ್ನೂ ಹೀಗೆ ಮಲಗಿಸತೊಡಗಿದುದು 2020ರಿಂದ. ಡೆಕ್ಸಾಮೆಥಾಸೋನ್ ಎಂಬ ಹಳೆಯ, ಅಗ್ಗದ ಔಷಧ ಉಸಿರು ಕಷ್ಟವಾದವರ ಪ್ರಾಣ ಉಳಿಸುತ್ತದೆಂದು ಇಂಗ್ಲೆಂಡಿನಲ್ಲಿ ಗೊತ್ತಾದುದೂ ಅದೇ ವರ್ಷ ಜೂನಿನಲ್ಲಿ. ಜನ ರೆಮ್‌ಡೆಸಿವಿರಿಗಾಗಿ ಒಡವೆ ಮಾರುತ್ತಿದ್ದಾಗ, ಹೆಚ್ಚು ಜನರನ್ನು ಕಾಪಾಡಿದುದು ಈ ಕೆಲವು ರೂಪಾಯಿಗಳ ಔಷಧ, ಒಂದು ದಿಂಬು, ಮತ್ತು ಆ ಗುಂಡಿ ತಿರುಗಿಸುವ ಕೈ ಎಂದು ನನಗೆ ತೋರುತ್ತದೆ. ಇದು ವೈದ್ಯನಲ್ಲದವನ ಅಭಿಪ್ರಾಯ.

ಭಾವನಿಗೆ ಬೋರಲು ಮಲಗುವುದು ದೊಡ್ಡ ಅವಮಾನವೆನ್ನಿಸಿತು. "ಎಳೇ ಮಗು ಥರ ಮಲಗಿಸ್ತಾರಲ್ಲಯ್ಯ" ಎಂದು ಕಿಟಕಿಯ ಬಳಿಗೆ ಫೋನು ಮಾಡಿದರು. ಆದರೂ ಮಲಗಿದರು.

ಮೂರನೆಯ ರಾತ್ರಿ ಅವರ ಅಂಕಿ 88ಕ್ಕೆ ಇಳಿಯಿತು. ಆ ಆಸ್ಪತ್ರೆಯಲ್ಲಿದ್ದುದು ಒಂದೇ ಒಂದು ಹೈ ಫ್ಲೋ ಯಂತ್ರ; ಅದು ಸಂಜೆಯಷ್ಟೆ ಬಿಡುವಾಗಿತ್ತು. ಬಿಡುವಾಗಿತ್ತು ಎಂಬ ಮಾತಿನ ಅರ್ಥವನ್ನು ಆಗ ನಾನು ಯೋಚಿಸಲಿಲ್ಲ. ಭಾವನಿಗೆ ಅದನ್ನು ಹಾಕುತ್ತಾರೆಂದುಕೊಂಡೆ. ಒಂಬತ್ತು ಗಂಟೆಗೆ ಎಡಗಡೆಯ ಬಾಗಿಲಿಗೆ ಒಂದು ಗೂಡ್ಸ್ ಆಟೋ ಬಂದಿತು. ಅದರಿಂದ ಮೂವತ್ತು ವರ್ಷದ ಒಬ್ಬ ಹೆಂಗಸನ್ನು ಇಳಿಸಿದರು. ಜೊತೆಯಲ್ಲಿ ಗಂಡ, ಅವನ ಹೆಗಲ ಮೇಲೆ ಎರಡು ವರ್ಷದ ಮಗು. ಹತ್ತು ನಿಮಿಷದ ಮೇಲೆ ಯಂತ್ರವನ್ನು ಆಕೆಯ ಮಂಚಕ್ಕೆ ಸರಿಸಿದುದು ಕಿಟಕಿಯಿಂದ ನನಗೆ ಕಂಡಿತು.

ಆಗ ನಾನು ಮಾಡಿದ ಕೆಲಸವನ್ನು ಮುಚ್ಚಿಡಲಾರೆ. ನನ್ನ ಹಳೆಯ ಶಿಷ್ಯನೊಬ್ಬ ದೊಡ್ಡ ಸ್ಥಾನದಲ್ಲಿದ್ದ. ಅವನಿಗೆ ಫೋನು ಮಾಡಿದೆ. "ನಮ್ಮ ಭಾವನಿಗೆ ಸಿಗಬೇಕಾದ್ದನ್ನು ಆಮೇಲೆ ಬಂದವರಿಗೆ ಕೊಟ್ಟರಪ್ಪಾ" ಎಂದೆ. ಅವನು ಗುರುಭಕ್ತಿಯುಳ್ಳವನು, ಕಾಲು ಗಂಟೆಯೊಳಗೆ ವೈದ್ಯರಿಗೆ ಮೇಲಿನಿಂದ ಕರೆ ಬಂದಿತು. ಅವರು ಗಾಜಿನ ಆಚೆ ನಿಂತು, ಫೋನನ್ನು ಪ್ಲಾಸ್ಟಿಕ್ ಚೀಲದೊಳಗೇ ಇಟ್ಟುಕೊಂಡು ಕೇಳಿದರು. ಆಮೇಲೆ ಕಿಟಕಿಗೆ ಬಂದರು.

"ಮೇಷ್ಟ್ರೇ, ಫೋನು ಮಾಡಿಸಿದ್ದು ನೀವೇ ತಾನೆ?"

ನಾನು ಮಾತನಾಡಲಿಲ್ಲ.

"ಬೋರಲು ಮಲಗಿದರೆ ನಿಮ್ಮ ಭಾವನವರಿಗೆ 92 ಬರುತ್ತಿದೆ. ಆ ಹುಡುಗಿಗೆ ಮುಖವಾಡ ಹಾಕಿ, ಮಲಗಿಸಿ, ಎಲ್ಲ ಮಾಡಿದರೂ 78. ಇನ್ನೊಂದು ವಿಷಯ. ಲಾರಿ ಬೆಳಿಗ್ಗೆ ಐದಕ್ಕೆ ಬರುತ್ತೆ ಅಂತ ಹೇಳಿದ್ದಾರೆ. ಈ ಯಂತ್ರ ಒಂದೇ ಆರು ಜನರ ಗಾಳಿ ತಿನ್ನುತ್ತೆ. ಯಾರಿಗೆ ಹಾಕಿದರೂ ಉಳಿದವರದ್ದು ಸ್ವಲ್ಪ ಕಡಿಮೆ ಮಾಡಬೇಕು. ನಿಮ್ಮ ಭಾವನವರದ್ದೂ ಮಾಡಿದ್ದೇನೆ. ನೀವು ಅವರಿಗೆ ಫೋನು ಮಾಡಿ, ಬೆಳಗಿನವರೆಗೂ ಬೋರಲೇ ಇರಿ ಅಂತ ಹೇಳಿ. ನನ್ನ ಮಾತು ಕೇಳಲ್ಲ, ನಿಮ್ಮ ಮಾತು ಕೇಳುತ್ತಾರೆ."

ಇಷ್ಟು ಹೇಳಿ ಅವರು ಹೋದರು. ಸಿಟ್ಟು ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು.

ಆ ರಾತ್ರಿ ಗಂಟೆಗೊಮ್ಮೆ ಭಾವನಿಗೆ ಫೋನು ಮಾಡಿದೆ. ಏನು ಮಾತನಾಡಿದೆನೋ ನೆನಪಿಲ್ಲ. ನುಸಿ ಬಿದ್ದ ಮರಗಳು, ಅವರ ಮದುವೆಯ ದಿಬ್ಬಣ ಮಳೆಯಲ್ಲಿ ಸಿಕ್ಕಿಕೊಂಡದ್ದು, ಹೀಗೆ. ಆ ಹೆಂಗಸಿನ ಗಂಡ ನನ್ನ ಕಲ್ಲಿನ ಇನ್ನೊಂದು ತುದಿಯಲ್ಲಿ ಮಗುವನ್ನು ಮಲಗಿಸಿಕೊಂಡು ಕುಳಿತಿದ್ದ. ಮಗು ಎದ್ದು ಅತ್ತಾಗ ನನ್ನ ಚೀಲದಲ್ಲಿದ್ದ ಬಿಸ್ಕತ್ತು ಕೊಟ್ಟೆ. "ಆಯಮ್ಮನಿಗೆ ಮಿಷನ್ ಹಾಕವ್ರಂತೆ ಸಾ" ಎಂದ, ಒಳ್ಳೆಯ ಸುದ್ದಿ ಹೇಳುವವನಂತೆ. ಹೌದಪ್ಪಾ ಎಂದೆ. ಲಾರಿ ಬಂದುದು ಐದಕ್ಕಲ್ಲ, ಆರೂವರೆಗೆ.

ಮರುದಿನ ಮಧ್ಯಾಹ್ನ ಆಕೆಯನ್ನು ಆಂಬುಲೆನ್ಸಿನಲ್ಲಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸಿದರು. ಗಂಡನೂ ಮಗುವೂ ಹಿಂದಿನಿಂದ ಯಾವುದೋ ಬೈಕಿನಲ್ಲಿ ಹೋದರು.

ಇವೆಲ್ಲದರ ನಡುವೆ ಬಲಗಡೆಯ ಬಾಗಿಲು ಮುಚ್ಚಿರಲಿಲ್ಲ ಎಂಬುದನ್ನು ಮರೆಯುತ್ತೇವೆ. ಮರದಿಂದ ಬೀಳುವವರು ರೋಗದ ಕಾಲವೆಂದು ಬೀಳದೆ ಇರುತ್ತಾರೆಯೇ? ನಾನು ಕುಳಿತಿದ್ದ ದಿನಗಳಲ್ಲಿಯೇ ಒಬ್ಬನನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿಕೊಂಡು ತಂದರು. ಅವನ ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ ಹದಿನೈದು ಇಪ್ಪತ್ತು ನಿಮಿಷ ಕಾಯಬೇಕಾಗಿತ್ತು. ಕಾಯುವಷ್ಟು ಹೊತ್ತಿಲ್ಲದವರನ್ನು ರೋಗವಿದೆಯೆಂದೇ ಭಾವಿಸಿ, ನಿಲುವಂಗಿ ತೊಟ್ಟು ಮುಟ್ಟುತ್ತಿದ್ದರು. ಇನ್ನು ಬಾರದೆ ಹೋದವರ ಕಥೆ. 2020ರಲ್ಲಿ ಅನೇಕ ದೇಶಗಳ ಆಸ್ಪತ್ರೆಗಳಿಗೆ ಹೃದಯಾಘಾತವೆಂದು ಬರುವವರ ಸಂಖ್ಯೆ ಇಳಿಯಿತು. ಹೃದಯಗಳು ಗಟ್ಟಿಯಾಗಿದ್ದರಿಂದಲ್ಲ; ಆಸ್ಪತ್ರೆಯ ಭಯದಿಂದ. ನಮ್ಮ ಬೀದಿಯಲ್ಲಿಯೇ ಎದೆನೋವನ್ನು ವಾಯು ಎಂದುಕೊಂಡು ಓಮದ ಕಷಾಯ ಕುಡಿದು ಮಲಗಿದವರೊಬ್ಬರು ಏಳಲಿಲ್ಲ. ಅವರನ್ನು ಯಾವ ಲೆಕ್ಕದಲ್ಲಿಯೂ ಸೇರಿಸಿಲ್ಲ.

ಹನ್ನೊಂದನೆಯ ದಿನ ಭಾವ ಮನೆಗೆ ಬಂದರು. ಎಂಟು ಕಿಲೋ ಇಳಿದಿದ್ದರು. ಅಟ್ಟ ಹತ್ತಲು ಮುಂದಿನ ದೀಪಾವಳಿಯವರೆಗೂ ಆಗಲಿಲ್ಲ; ಕೆಳಗೆ ಕುಳಿತು, ಮೊಮ್ಮಗ ತಂದುಕೊಟ್ಟ ಕಾಯಿಗಳನ್ನು ಅಲ್ಲಾಡಿಸಿ ಹೇಳುತ್ತಿದ್ದರು. ಫೋನಿನ ವಿಷಯವನ್ನು ನಾನು ಅವರಿಗೆ ಹೇಳಿಲ್ಲ. ಅವರು ಈ ಪುಟವನ್ನು ಓದುವವರಲ್ಲ, ಅಕ್ಕ ಓದುತ್ತಾಳೆ.

ಆ ವರ್ಷದ ಕೊನೆಯ ಹೊತ್ತಿಗೆ ರಾಜ್ಯದ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ, ಸುತ್ತಲಿನ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸುವ ಘಟಕಗಳನ್ನು ನಿಲ್ಲಿಸಿದರು. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 21 ಪಾಲು ಅದೇ ಇದೆ. ಅದಕ್ಕಾಗಿ ಲಾರಿ ಕಾಯುತ್ತಿದ್ದೆವು. ಮಂಚಮಂಚಕ್ಕೂ ಗೋಡೆಯೊಳಗಿನಿಂದ ಕೊಳವೆ ಬಂದಿತು. ಆ ಯಂತ್ರಗಳನ್ನು ನೋಡಿಕೊಳ್ಳುವವರನ್ನು ಎಲ್ಲ ಕಡೆಯೂ ಇಟ್ಟಿದ್ದಾರೆಯೇ ಎಂಬುದನ್ನು ಆಯಾ ಊರಿನವರು ಹೋಗಿ ನೋಡಿದರೆ ಒಳ್ಳೆಯದು.

ಇತ್ತೀಚೆಗೆ ಮೊಮ್ಮಗಳಿಗೆ ಜ್ವರವೆಂದು ಅದೇ ಆಸ್ಪತ್ರೆಗೆ ಹೋಗಿದ್ದೆ. ಶಾಮಿಯಾನವಿದ್ದ ಜಾಗದಲ್ಲಿ ಬೈಕುಗಳು ನಿಂತಿದ್ದುವು. ಎಡಗಡೆಯ ಬಾಗಿಲಿಗೆ ಬೀಗ. ಒಳಗೆ ಸಲೈನಿನ ಪೆಟ್ಟಿಗೆಗಳು. ಬಲಗಡೆಯ ಬಾಗಿಲಿನಲ್ಲಿ ಮತ್ತೆ ಒಬ್ಬ ರೋಗಿಗೆ ಆರು ಬಂಧುಗಳು. ಒಬ್ಬ ದಾದಿ ನನ್ನನ್ನು ನೋಡಿ ನಿಂತರು. ನನಗೆ ಗುರುತು ಸಿಗಲಿಲ್ಲ. ಆಗ ನಾನು ಅವರ ಕಣ್ಣುಗಳನ್ನು ಮಾತ್ರ ನೋಡಿದ್ದೆ.

"ಹೊಂಗೆಮರದ ಮೇಷ್ಟ್ರಲ್ಲವೇ? ನಿಮ್ಮ ಭಾವನವರು ಹೇಗಿದ್ದಾರೆ?"

ಚೆನ್ನಾಗಿದ್ದಾರೆ, ತೋಟಕ್ಕೆ ಹೋಗುತ್ತಾರೆ ಎಂದೆ. ಆ ರಾತ್ರಿ ಗೂಡ್ಸ್ ಆಟೋದಲ್ಲಿ ಬಂದ ಹೆಂಗಸಿನ ವಿಚಾರ ಬಾಯಿಯವರೆಗೂ ಬಂದಿತ್ತು. ಅಷ್ಟರಲ್ಲಿ ಒಳಗಿನಿಂದ ಯಾರೋ ಕೂಗಿದರು, ಅವರು ಹೋದರು. ಮೊಮ್ಮಗಳ ಸರದಿ ಬರುವವರೆಗೂ ಅಲ್ಲಿಯೇ ಕುಳಿತಿದ್ದೆ. ಅವರು ಎರಡು ಸಲ ನನ್ನ ಮುಂದೆಯೇ ಹಾದುಹೋದರು. ಕೇಳಲಿಲ್ಲ.